ಪ್ರವಾಸಕ್ಕೊಂದು ಪುಟ್ಟ ಜೂಮ್ ಕ್ಯಾಮೆರಾ: ಆಯ್ಕೆ ಮತ್ತು ಬಳಕೆ

ಶಾಲಾ ಕಾಲೇಜುಗಳ ಪ್ರವಾಸ ಮುಗಿದು ಚಿತ್ರಗಳನ್ನು ನೋಡಲು ಕುಳಿತಾಗ ಒಂದು ಮಾತು ಸಾಮಾನ್ಯವಾಗಿ ಕೇಳಿಬರುತ್ತದೆ: "ಅಲ್ಲಿ ಕಣ್ಣಿಗೆ ಎಷ್ಟು ಚೆನ್ನಾಗಿ ಕಂಡಿತ್ತು, ಚಿತ್ರದಲ್ಲಿ ಏನೂ ಬಂದಿಲ್ಲ." ಮರದ ತುದಿಯ ಹಕ್ಕಿ ಬಿಳಿ ಚುಕ್ಕೆಯಾಗಿರುತ್ತದೆ. ಶಾಸನದ ಅಕ್ಷರಗಳಿದ್ದ ಜಾಗದಲ್ಲಿ ಬರಿಯ ಬೂದು ಕಲ್ಲು ಕಾಣುತ್ತದೆ. ಗುಡಿಯ ಒಳಗಿನ ಕಂಬಗಳು ಕದಡಿದ ಮಸಿಯಂತಿರುತ್ತವೆ. ಆಗ ದೋಷವನ್ನೆಲ್ಲ ಕ್ಯಾಮೆರಾದ ಮೇಲೆ ಹೊರಿಸಿ, ಇನ್ನೂ ದೊಡ್ಡ ಜೂಮ್ ಇರುವ ಕ್ಯಾಮೆರಾ ಕೊಳ್ಳಬೇಕೆಂದು ಹೊರಡುವವರುಂಟು. ಹಾಗೆ ಹೊರಡುವ ಮುನ್ನ ಸ್ವಲ್ಪ ಲೆಕ್ಕ ಮಾಡುವುದು ಒಳ್ಳೆಯದು. ಏಕೆಂದರೆ ಖರ್ಚಾಗುವುದು ಮನೆಯವರು ದುಡಿದ ಹಣ. ಕಾರ್ಯಕ್ರಮದಲ್ಲಿ ನಾವು ಚಿತ್ರಗಳನ್ನು ತೋರಿಸಬಹುದು. ಆದರೆ ಲೆಕ್ಕ ಪರದೆಯ ಮೇಲೆ ಕ್ಷಣದಲ್ಲಿ ಸರಿದುಹೋಗುತ್ತದೆ. ನಿಧಾನವಾಗಿ ಓದಿ, ಮತ್ತೆ ಮಾಡಿ ನೋಡಲು ಪುಟವೇ ಮೇಲು.

ನಮ್ಮ ಉದಾಹರಣೆಗಳನ್ನು ಶಿವಮೊಗ್ಗ ಜಿಲ್ಲೆಯ ಶಿಕಾರಿಪುರ ಮತ್ತು ಸೊರಬ ತಾಲ್ಲೂಕುಗಳಿಂದ ಆರಿಸಿಕೊಳ್ಳೋಣ. ಎರಡು ದಿನದ ಪ್ರವಾಸದಲ್ಲಿ ಕ್ಯಾಮೆರಾಕ್ಕೆ ಇಷ್ಟು ಬಗೆಯ ಪರೀಕ್ಷೆ ಒಡ್ಡುವ ಪ್ರದೇಶ ಅಪರೂಪ.

ನಾಲ್ಕು ತಾಣ, ನಾಲ್ಕು ಬಗೆಯ ಚಿತ್ರ

ಮೊದಲನೆಯದು ಶಿರಾಳಕೊಪ್ಪದ ಹತ್ತಿರದ ಬಳ್ಳಿಗಾವಿ. ಅಲ್ಲಮಪ್ರಭುವಿನ ಊರೆಂದು ಹೆಸರಾದ ಈ ಸ್ಥಳದಲ್ಲಿ 1047ರಲ್ಲಿ, ಚಾಲುಕ್ಯರ ಕಾಲದಲ್ಲಿ, ಚಾವುಂಡರಾಯರಸ ನಿಲ್ಲಿಸಿದ ಗಂಡಭೇರುಂಡ ಸ್ತಂಭವಿದೆ. ಎತ್ತರ ಸುಮಾರು 30 ಅಡಿ. ಅದರ ತುದಿಯಲ್ಲಿ ಮನುಷ್ಯನ ದೇಹ, ಹಕ್ಕಿಯ ಎರಡು ತಲೆಗಳುಳ್ಳ ಭೇರುಂಡನ ಮೂರ್ತಿ ಇದೆ. ಇದು ಎತ್ತರದ, ಆದರೆ ಅಲುಗಾಡದ ವಸ್ತು.

ಎರಡನೆಯದು ತಾಳಗುಂದ. ಪ್ರಣವೇಶ್ವರ ದೇವಾಲಯದ ಎದುರಿನ ಎಂಟು ಮುಖದ ಕಂಬದ ಮೇಲೆ ಕದಂಬರ ಶಾಂತಿವರ್ಮನ ಕಾಲದ ಸಂಸ್ಕೃತ ಶಾಸನವಿದೆ. ಬರೆದ ಕವಿ ಕುಬ್ಜ. ಓದಲೆಂದು ಕಂಚಿಗೆ ಹೋದ ಮಯೂರಶರ್ಮ, ಅಲ್ಲಿ ಪಲ್ಲವರ ಕುದುರೆ ಸವಾರನೊಡನೆ ಜಗಳವಾಗಿ, ವಿದ್ಯೆ ಬಿಟ್ಟು ಖಡ್ಗ ಹಿಡಿದ ಕಥೆ ನಮಗೆ ತಿಳಿದಿರುವುದು ಈ ಕಂಬದಿಂದ. ಇಲ್ಲಿ ದೂರದ ತೊಂದರೆ ಇಲ್ಲ. ಅಕ್ಷರ ಕಾಣಿಸಬೇಕು, ಅಷ್ಟೆ.

ಮೂರನೆಯದು ಗುಡಿಗಳ ಒಳಭಾಗ. ಬಳ್ಳಿಗಾವಿಯ ಕೇದಾರೇಶ್ವರ, ಆನವಟ್ಟಿಯ ಬಳಿ ಕುಬಟೂರಿನ ಕೈಟಭೇಶ್ವರ. ಇಲ್ಲಿ ಬೆಳಕಿನದೇ ಕೊರತೆ.

ನಾಲ್ಕನೆಯದು ಸೊರಬದಿಂದ ಸುಮಾರು 16 ಕಿ.ಮೀ. ದೂರದ ಗುಡವಿ ಪಕ್ಷಿಧಾಮ. ಮಳೆಗಾಲದಲ್ಲಿ ಕೆರೆಯ ಮರಗಳ ಮೇಲೆ ಬಿಳಿ ಐಬಿಸ್, ಬೆಳ್ಳಕ್ಕಿ, ನೀರುಕಾಗೆ, ಹಾವಕ್ಕಿಗಳು ಸೇರುತ್ತವೆ. ವಸ್ತು ದೂರದ್ದು, ಚಲಿಸುವಂಥದ್ದು, ಮೇಲಾಗಿ ಆಕಾಶ ಮೋಡ.

ಈ ನಾಲ್ಕರಲ್ಲಿ ನಿಜವಾಗಿ ದೊಡ್ಡ ಜೂಮ್ ಬೇಡುವುದು ಎಷ್ಟು? ನೋಡೋಣ.

ಜೂಮ್ ಸಂಖ್ಯೆ ಏನು ಹೇಳುತ್ತದೆ?

ಕ್ಯಾಮೆರಾದ ಪೆಟ್ಟಿಗೆಯ ಮೇಲೆ "15 ಪಟ್ಟು", "40 ಪಟ್ಟು" ಎಂದು ಬರೆದಿರುತ್ತದೆ. ಮಸೂರದ ಅತಿ ಉದ್ದದ ಸಂಗಮ ದೂರವನ್ನು ಅತಿ ಚಿಕ್ಕ ಸಂಗಮ ದೂರದಿಂದ ಭಾಗಿಸಿದರೆ ಈ ಸಂಖ್ಯೆ ಸಿಗುತ್ತದೆ. ಬೇರೆ ಬೇರೆ ಕ್ಯಾಮೆರಾಗಳನ್ನು ಹೋಲಿಸಲು ಅನುಕೂಲವಾಗಲೆಂದು ಸಂಗಮ ದೂರವನ್ನು 36 ಮಿ.ಮೀ. ಅಗಲದ ಹಳೆಯ ಫಿಲ್ಮಿನ ಚೌಕಟ್ಟಿಗೆ ಸಮನಾಗಿ ಪರಿವರ್ತಿಸಿ ಹೇಳುವ ರೂಢಿ ಇದೆ. 24ರಿಂದ 360 ಮಿ.ಮೀ. ಎಂದರೆ 15 ಪಟ್ಟು. 24ರಿಂದ 960 ಎಂದರೆ 40 ಪಟ್ಟು.

ಈ ಸಮಾನ ಸಂಗಮ ದೂರ ತಿಳಿದರೆ ಒಂದು ಸುಲಭ ಸೂತ್ರ ಕೈಗೆ ಬರುತ್ತದೆ. ಚಿತ್ರದಲ್ಲಿ ಹಿಡಿಯುವ ದೃಶ್ಯದ ಅಗಲ ಬೇಕಾದರೆ ವಸ್ತುವಿನ ದೂರವನ್ನು 36ರಿಂದ ಗುಣಿಸಿ, ಸಂಗಮ ದೂರದಿಂದ ಭಾಗಿಸಿ. ದೃಶ್ಯದ ಎತ್ತರ ಬೇಕಾದರೆ 36ರ ಬದಲು 24 ಹಾಕಿ.

ಗುಡವಿಯಲ್ಲಿ ಹಕ್ಕಿ 50 ಮೀಟರ್ ದೂರದಲ್ಲಿದೆ ಎಂದುಕೊಳ್ಳಿ. 24 ಮಿ.ಮೀ.ನಲ್ಲಿ ಕ್ಯಾಮೆರಾ 75 ಮೀಟರ್ ಅಗಲದ ದೃಶ್ಯವನ್ನು ಹಿಡಿಯುತ್ತದೆ. ಸುಮಾರು 70 ಸೆಂ.ಮೀ. ಉದ್ದದ ಐಬಿಸ್ ಅದರಲ್ಲಿ ನೂರರಲ್ಲಿ ಒಂದು ಪಾಲೂ ಇಲ್ಲ. 360 ಮಿ.ಮೀ.ನಲ್ಲಿ ದೃಶ್ಯದ ಅಗಲ 5 ಮೀಟರಿಗೆ ಇಳಿಯುತ್ತದೆ. ಹಕ್ಕಿ ಏಳರಲ್ಲಿ ಒಂದು ಪಾಲು ತುಂಬುತ್ತದೆ. 5,472 ಬಿಂದುಗಳ ಅಗಲದ ಚಿತ್ರವಾದರೆ ಹಕ್ಕಿಯ ಪಾಲಿಗೆ 750ಕ್ಕೂ ಹೆಚ್ಚು ಬಿಂದುಗಳು ಬಂದವು. ಕೊಕ್ಕು, ಕರಿಯ ತಲೆ ಗುರುತಿಸಲು ಇಷ್ಟು ಸಾಕು.

ಈಗ ಭೇರುಂಡ ಸ್ತಂಭ. ನೀವು ಬುಡದಿಂದ 25 ಮೀಟರ್ ಹಿಂದೆ ನಿಂತರೆ ತುದಿಯ ಮೂರ್ತಿ ಸುಮಾರು 27 ಮೀಟರ್ ದೂರವಾಗುತ್ತದೆ. ಮೂರ್ತಿಯ ಎತ್ತರ ಸುಮಾರು 4 ಅಡಿ, ಅಂದರೆ 1.2 ಮೀಟರ್. ಅದು ಚಿತ್ರದ ಅರ್ಧ ಎತ್ತರ ತುಂಬಬೇಕಾದರೆ ದೃಶ್ಯದ ಎತ್ತರ 2.4 ಮೀಟರ್ ಇರಬೇಕು. 27ನ್ನು 24ರಿಂದ ಗುಣಿಸಿ 2.4ರಿಂದ ಭಾಗಿಸಿ: 270 ಮಿ.ಮೀ. ಹತ್ತು ಹನ್ನೆರಡು ಪಟ್ಟಿನ ಜೂಮ್‌ಗೆ ಇದು ಎಟುಕುತ್ತದೆ. ಬುಡಕ್ಕೇ ಹೋಗಿ ಕತ್ತೆತ್ತಿ ತೆಗೆದರೆ ಜೂಮ್ ಕಡಿಮೆ ಸಾಕಾಗುತ್ತದೆ ನಿಜ, ಆದರೆ ಮೂರ್ತಿಯ ಗದ್ದ ಮತ್ತು ಪಾದ ಮಾತ್ರ ಕಾಣುತ್ತವೆ. ಜೂಮ್‌ನ ನಿಜವಾದ ಉಪಯೋಗ ಇಲ್ಲಿದೆ: ಸರಿಯಾದ ಜಾಗದಲ್ಲಿ ನಿಲ್ಲುವ ಸ್ವಾತಂತ್ರ್ಯವನ್ನು ಅದು ಕೊಡುತ್ತದೆ.

ತಾಳಗುಂದದ ಶಾಸನಕ್ಕೆ, ಗುಡಿಯ ಒಳಗಿನ ಕಂಬಗಳಿಗೆ ನಾಲ್ಕು ಪಟ್ಟಿನ ಜೂಮ್ ಕೂಡ ಬೇಕಾಗದು. ಎಂದರೆ, ನಾಲ್ಕು ತಾಣಗಳಲ್ಲಿ ಒಂದೇ ಒಂದು ಕಡೆ ಮಾತ್ರ ಜೂಮ್ ಹೆಚ್ಚಿದಷ್ಟೂ ಲಾಭ. ಉಳಿದ ಕಡೆ ಗೆಲುವು ಸೋಲು ನಿರ್ಧರಿಸುವುದು ಬೆಳಕು.

ಪೆಟ್ಟಿಗೆಯ ಮೇಲೆ "ಡಿಜಿಟಲ್ ಜೂಮ್" ಎಂಬ ಮಾತೂ ಇರುತ್ತದೆ. ಅದನ್ನು ಲೆಕ್ಕಕ್ಕೆ ಹಿಡಿಯಬೇಡಿ. ಅಲ್ಲಿ ಮಸೂರ ಚಲಿಸುವುದಿಲ್ಲ. ಚಿತ್ರದ ನಡುವಿನ ತುಂಡನ್ನು ಕತ್ತರಿಸಿ ಹಿಗ್ಗಿಸಲಾಗುತ್ತದೆ. ಎರಡು ಪಟ್ಟು ಹಿಗ್ಗಿಸಿದರೆ 20 ಮೆಗಾಪಿಕ್ಸೆಲ್‌ನಲ್ಲಿ ಉಳಿಯುವುದು 5 ಮಾತ್ರ. ಆ ಕೆಲಸವನ್ನು ಮನೆಯಲ್ಲಿ ಕುಳಿತೂ ಮಾಡಬಹುದು.

ಬೆಳಕಿನ ಲೆಕ್ಕ

ಕ್ಯಾಮೆರಾದೊಳಗೆ ಹಳೆಯ ಫಿಲ್ಮಿನ ಜಾಗದಲ್ಲಿ ಈಗ ಸಂವೇದಕವಿದೆ. ಬೆಳಕು ಬಿದ್ದಾಗ ವಿದ್ಯುದಂಶವನ್ನು ಸಂಗ್ರಹಿಸುವ ಲಕ್ಷಾಂತರ ಪುಟ್ಟ ಕೋಶಗಳ ಫಲಕ ಅದು. ಮಳೆಯಲ್ಲಿ ಇಟ್ಟ ತಟ್ಟೆಗಳನ್ನು ನೆನೆಸಿಕೊಳ್ಳಿ. ದೊಡ್ಡ ತಟ್ಟೆಗೆ ಹೆಚ್ಚು ಹನಿ ಬೀಳುವಂತೆ ದೊಡ್ಡ ಸಂವೇದಕಕ್ಕೆ ಹೆಚ್ಚು ಬೆಳಕು. ಸಣ್ಣ ಜೂಮ್ ಕ್ಯಾಮೆರಾಗಳಲ್ಲಿ ಸಾಮಾನ್ಯವಾಗಿ ಎರಡು ಅಳತೆಗಳು ಕಾಣಸಿಗುತ್ತವೆ. ಒಂದು ಸುಮಾರು 6.2 ಮಿ.ಮೀ. ಅಗಲ, 4.6 ಮಿ.ಮೀ. ಎತ್ತರದ್ದು. ಇನ್ನೊಂದು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರದ್ದು. ಎರಡನೆಯದನ್ನು ವ್ಯಾಪಾರದವರು "ಒಂದು ಇಂಚಿನ ಸಂವೇದಕ" ಎನ್ನುತ್ತಾರೆ. ಅಳೆದರೆ ಅದರ ಯಾವ ಬದಿಯೂ ಒಂದು ಇಂಚು ಬರುವುದಿಲ್ಲ. ಆದರೂ ವಿಸ್ತೀರ್ಣದಲ್ಲಿ ಮೊದಲನೆಯದಕ್ಕಿಂತ ನಾಲ್ಕು ಪಟ್ಟು ದೊಡ್ಡದು ಎಂಬುದು ನಿಜ.

ಎರಡನೆಯ ಅಂಶ ಮಸೂರದ ದ್ಯುತಿರಂಧ್ರ. ಮಸೂರದ ಸುತ್ತ "ಎಫ್ 2.8", "ಎಫ್ 6.3" ಎಂಬಂಥ ಸಂಖ್ಯೆಗಳಿರುತ್ತವೆ. ಸಂಖ್ಯೆ ಚಿಕ್ಕದಾದಷ್ಟೂ ಕಿಂಡಿ ದೊಡ್ಡದು. ಒಳಬರುವ ಬೆಳಕು ಈ ಸಂಖ್ಯೆಯ ವರ್ಗಕ್ಕೆ ವಿಲೋಮವಾಗಿರುತ್ತದೆ. 6.3ನ್ನು 2.8ರಿಂದ ಭಾಗಿಸಿ ವರ್ಗ ಮಾಡಿ: ಸುಮಾರು 5. ಅಂದರೆ ಎಫ್ 2.8ಕ್ಕೆ ಬರುವ ಬೆಳಕಿನ ಐದನೆಯ ಒಂದು ಪಾಲು ಮಾತ್ರ ಎಫ್ 6.3ಕ್ಕೆ ಬರುತ್ತದೆ.

ಪುಟ್ಟ ಕ್ಯಾಮೆರಾಗಳಲ್ಲಿ ಜೂಮ್ ಮಾಡಿದಂತೆಲ್ಲ ಕಿಂಡಿ ಕಿರಿದಾಗುತ್ತದೆ. 2018ರಲ್ಲಿ ಬಂದ ಕೆನಾನ್ ಪವರ್‌ಶಾಟ್ ಎಸ್‌ಎಕ್ಸ್ 740ರಲ್ಲಿ ಜೂಮ್ 40 ಪಟ್ಟು. ಕಿಂಡಿ ಎಫ್ 3.3ರಿಂದ 6.9ಕ್ಕೆ ಇಳಿಯುತ್ತದೆ. ಸಂವೇದಕ ಚಿಕ್ಕದು. ಅದೇ ವರ್ಷದ ಪ್ಯಾನಾಸೋನಿಕ್ ಟಿಜೆಡ್ 200ರಲ್ಲಿ ಜೂಮ್ 15 ಪಟ್ಟು, ಕಿಂಡಿ 3.3ರಿಂದ 6.4. ಸಂವೇದಕ ದೊಡ್ಡದು. 2019ರ ಸೋನಿ ಆರ್‌ಎಕ್ಸ್ 100ರ ಏಳನೆಯ ಮಾದರಿಯಲ್ಲಿ ಜೂಮ್ ಎಂಟು ಪಟ್ಟನ್ನು ತುಸು ಮೀರುತ್ತದೆ, ಕಿಂಡಿ 2.8ರಿಂದ 4.5. ಸಂವೇದಕ ದೊಡ್ಡದು. ಇದನ್ನೇ ಕೊಳ್ಳಿರಿ ಎಂದು ಹೇಳಲು ಈ ಹೆಸರುಗಳನ್ನು ಕೊಟ್ಟಿಲ್ಲ. ಮೂರನ್ನೂ ಒಟ್ಟಿಗೆ ಇಟ್ಟು ನೋಡಿದರೆ ಒಂದು ನಿಯಮ ಕಾಣುತ್ತದೆ: ಜೇಬಿನಲ್ಲಿ ಹಿಡಿಸುವ ಗಾತ್ರದಲ್ಲಿ ದೊಡ್ಡ ಜೂಮ್, ದೊಡ್ಡ ಕಿಂಡಿ, ದೊಡ್ಡ ಸಂವೇದಕ ಮೂರೂ ಸೇರಲಾರವು. ಒಂದನ್ನು ಪಡೆಯಲು ಇನ್ನೊಂದನ್ನು ಬಿಡಬೇಕು.

ಭೌತಶಾಸ್ತ್ರ ಓದುವವರಿಗೆ ಇನ್ನೊಂದು ಮಾತು. ಸಣ್ಣ ಕಿಂಡಿಯಲ್ಲಿ ಹಾದುಬರುವ ಬೆಳಕು ವಿವರ್ತನೆಯಿಂದ ಹರಡಿ, ಬಿಂದುವಿನ ಬದಲು ಪುಟ್ಟ ಬಿಲ್ಲೆಯಾಗಿ ಬೀಳುತ್ತದೆ. ಬಿಲ್ಲೆಯ ವ್ಯಾಸ 2.44, ಬೆಳಕಿನ ತರಂಗಾಂತರ ಮತ್ತು ಎಫ್ ಸಂಖ್ಯೆ ಇವುಗಳ ಗುಣಲಬ್ಧ. ಹಸಿರು ಬೆಳಕಿನ ತರಂಗಾಂತರ 0.55 ಮೈಕ್ರೋಮೀಟರ್. ಎಫ್ 6.9ಕ್ಕೆ ಬಿಲ್ಲೆಯ ವ್ಯಾಸ ಸುಮಾರು 9.3 ಮೈಕ್ರೋಮೀಟರ್. 20 ಮೆಗಾಪಿಕ್ಸೆಲ್‌ನ ಚಿಕ್ಕ ಸಂವೇದಕದಲ್ಲಿ ಒಂದು ಕೋಶದ ಅಗಲ ಸುಮಾರು 1.2 ಮೈಕ್ರೋಮೀಟರ್. ಹೀಗಾಗಿ ಬೆಳಕಿನ ಒಂದು ಬಿಂದು ಎಂಟು ಕೋಶಗಳ ಅಗಲಕ್ಕೆ ಹರಡುತ್ತದೆ. ಕಾರ್ಖಾನೆಯವರು ಮೆಗಾಪಿಕ್ಸೆಲ್‌ಗಳನ್ನು ಇನ್ನೆಷ್ಟು ಹೆಚ್ಚಿಸಿದರೂ ಜೂಮ್‌ನ ಕೊನೆಯಲ್ಲಿ ಹೊಸ ವಿವರ ಬಾರದಿರುವುದು ಇದರಿಂದಲೇ. ಪ್ರಕೃತಿಯ ನಿಯಮವನ್ನು ಜಾಹೀರಾತು ದಾಟಲಾರದು.

ಫೋನು ಇರುವಾಗ ಕ್ಯಾಮೆರಾ ಏಕೆ?

ಈ ಪ್ರಶ್ನೆ ನ್ಯಾಯವಾದದ್ದು. 2010ರಲ್ಲಿ ಜಪಾನಿನ ಕ್ಯಾಮೆರಾ ತಯಾರಕರ ಸಂಘದ ಲೆಕ್ಕದಂತೆ ಜಗತ್ತಿಗೆ ರವಾನೆಯಾದ ಡಿಜಿಟಲ್ ಕ್ಯಾಮೆರಾಗಳು 12 ಕೋಟಿಗೂ ಹೆಚ್ಚು. 2023ರಲ್ಲಿ 80 ಲಕ್ಷಕ್ಕೂ ಕಡಿಮೆ. ಆ ಜಾಗವನ್ನು ಫೋನು ತುಂಬಿತು. ಇಂದಿನ ಅನೇಕ ಫೋನುಗಳ ಮುಖ್ಯ ಕ್ಯಾಮೆರಾದ ಸಂವೇದಕ ಚಿಕ್ಕ ಜೂಮ್ ಕ್ಯಾಮೆರಾಗಳದಕ್ಕಿಂತ ದೊಡ್ಡದು, ಕಿಂಡಿಯೂ ದೊಡ್ಡದು. ಗುಡಿಯ ಒಳಭಾಗಕ್ಕೆ, ಶಾಸನಕ್ಕೆ, ಸ್ನೇಹಿತರ ಗುಂಪಿಗೆ ಒಳ್ಳೆಯ ಫೋನು ಸಾಕು. ನಿಮ್ಮ ಆಸಕ್ತಿ ಇಷ್ಟೇ ಆಗಿದ್ದರೆ ಹಣ ಉಳಿಸಿ. ಹಕ್ಕಿ, ಎತ್ತರದ ಶಿಲ್ಪ, ದೂರದ ಬೆಟ್ಟದ ಕೋಟೆ ಇವುಗಳಲ್ಲಿ ಆಸಕ್ತಿ ಇದ್ದರೆ ಮಾತ್ರ ಜೂಮ್ ಕ್ಯಾಮೆರಾದ ಮಾತು.

ಕೊಳ್ಳುವಾಗ

ಹೊಸ ಮಾದರಿಗಳು ವಿರಳವಾಗಿರುವುದರಿಂದ ಬಳಸಿದ ಕ್ಯಾಮೆರಾ ಕೊಳ್ಳುವ ಸಂದರ್ಭ ಹೆಚ್ಚು. ನಿಮ್ಮದೇ ಮೆಮೊರಿ ಕಾರ್ಡ್ ಒಯ್ಯಿರಿ. ಈ ಪರೀಕ್ಷೆಗಳನ್ನು ಮಾಡಿ.

ಒಂದು: ದಿನಪತ್ರಿಕೆಯ ಒಂದು ಪೂರ್ತಿ ಹಾಳೆಯನ್ನು ಗೋಡೆಗೆ ಅಂಟಿಸಿ, ಜೂಮ್ ಇಲ್ಲದೆ, ಅರ್ಧ ಜೂಮ್‌ನಲ್ಲಿ, ಪೂರ್ತಿ ಜೂಮ್‌ನಲ್ಲಿ ಮೂರು ಚಿತ್ರ ತೆಗೆಯಿರಿ. ಪ್ರತಿ ಬಾರಿಯೂ ಹಾಳೆ ಚೌಕಟ್ಟನ್ನು ತುಂಬುವಂತೆ ಹಿಂದೆ ಸರಿಯಿರಿ. ನಡುವಿನ ಮತ್ತು ನಾಲ್ಕು ಮೂಲೆಗಳ ಅಕ್ಷರಗಳನ್ನು ದೊಡ್ಡದು ಮಾಡಿ ಓದಿ. ಒಂದು ಮೂಲೆ ಮಾತ್ರ ಮಸುಕಾಗಿದ್ದರೆ ಮಸೂರ ಓರೆಯಾಗಿರಬಹುದು.

ಎರಡು: ಬರಿಯ ಆಕಾಶದ ಅಥವಾ ಬಿಳಿ ಗೋಡೆಯ ಚಿತ್ರ ತೆಗೆಯಿರಿ. ಎಲ್ಲ ಚಿತ್ರಗಳಲ್ಲೂ ಒಂದೇ ಜಾಗದಲ್ಲಿ ಕಲೆ ಕಂಡರೆ ಒಳಗೆ ಧೂಳು ಸೇರಿದೆ. ಈ ಬಗೆಯ ಕ್ಯಾಮೆರಾದ ಮಸೂರವನ್ನು ಕಳಚಿ ಒರೆಸಲು ಬರುವುದಿಲ್ಲ.

ಮೂರು: ಮಸೂರ ಹೊರಚಾಚುವಾಗ ಕರಕರ ಸದ್ದು ಅಥವಾ ತಡೆ ಇದೆಯೇ ಗಮನಿಸಿ. ಬ್ಯಾಟರಿ ಉಬ್ಬಿದೆಯೇ ನೋಡಿ. ಆ ಮಾದರಿಯ ಬ್ಯಾಟರಿ ಬೇರೆಯಾಗಿ ಸಿಗುತ್ತದೆಯೇ ವಿಚಾರಿಸಿ. ಪ್ರವಾಸಕ್ಕೆ ಎರಡು ಬ್ಯಾಟರಿ ಬೇಕು.

ತಾಣದಲ್ಲಿ

ತಾಳಗುಂದದಿಂದ ಆರಂಭಿಸೋಣ. ಕಲ್ಲಿನಲ್ಲಿ ಕೊರೆದ ಅಕ್ಷರಕ್ಕೆ ಬೇರೆ ಬಣ್ಣವಿಲ್ಲ. ಅದು ನೆರಳಿನಿಂದ ಮಾತ್ರ ಕಾಣುತ್ತದೆ. ಅಕ್ಷರದ ಆಳ 2 ಮಿ.ಮೀ. ಎಂದಿಟ್ಟುಕೊಳ್ಳಿ. ಬೆಳಕು ಕಲ್ಲಿನ ಮುಖಕ್ಕೆ 60 ಡಿಗ್ರಿ ಕೋನದಲ್ಲಿ ಬಿದ್ದರೆ ನೆರಳು ಒಂದು ಮಿ.ಮೀ.ಗಿಂತ ತುಸು ಹೆಚ್ಚು. 15 ಡಿಗ್ರಿಯಲ್ಲಿ ಓರೆಯಾಗಿ ಸವರಿಕೊಂಡು ಬಂದರೆ ಅದೇ ಅಂಚು 7 ಮಿ.ಮೀ. ನೆರಳು ಚೆಲ್ಲಬಲ್ಲದು. ಗೀಟಿನ ತುಂಬ ನೆರಳು ನಿಂತು ಅಕ್ಷರ ಎದ್ದು ಕಾಣುತ್ತದೆ. ಕ್ಯಾಮೆರಾದ ಫ್ಲ್ಯಾಷ್ ನೇರವಾಗಿ ಎದುರಿನಿಂದ ಬೀಳುತ್ತದೆ. ಇರುವ ನೆರಳನ್ನೂ ಅಳಿಸಿಬಿಡುತ್ತದೆ. ಶಾಸನಕ್ಕೆ ಫ್ಲ್ಯಾಷ್ ಶತ್ರು.

ಕಂಬಕ್ಕೆ ಎಂಟು ಮುಖಗಳು. ಸಾಲುಗಳು ಕಂಬದ ಉದ್ದಕ್ಕೂ ಲಂಬವಾಗಿ ಸಾಗುತ್ತವೆ. ಸೂರ್ಯ ಒಂದು ಮುಖಕ್ಕೆ ಓರೆಯಾಗಿದ್ದಾಗ ಇನ್ನೊಂದು ಮುಖ ಪೂರ್ತಿ ಬೆಳಗುತ್ತದೆ, ಮತ್ತೊಂದು ನೆರಳಿನಲ್ಲಿರುತ್ತದೆ. ಆದ್ದರಿಂದ ಒಂದು ಸಾಧಾರಣ ಕನ್ನಡಿ ಒಯ್ಯಿರಿ. ಸ್ನೇಹಿತರೊಬ್ಬರು ಬದಿಯಲ್ಲಿ ನಿಂತು ಬಿಸಿಲನ್ನು ಕಲ್ಲಿನ ಮೇಲೆ ಓರೆಯಾಗಿ ಬಿಡಲಿ. ಮೋಡವಿದ್ದರೆ ಟಾರ್ಚ್ ಹಿಡಿಯಲಿ. ಎಂಟು ಮುಖಗಳನ್ನೂ ಒಂದೇ ದೂರದಿಂದ, ಒಂದೇ ಜೂಮ್‌ನಲ್ಲಿ, ಮೇಲೊಂದು ಕೆಳಗೊಂದು ಭಾಗವಾಗಿ, ಅಂಚುಗಳು ಒಂದನ್ನೊಂದು ದಾಟುವಂತೆ ತೆಗೆಯಿರಿ. ಅಳತೆ ತಿಳಿಯಲು ಸ್ಕೇಲ್ ಒಂದನ್ನು ಕಲ್ಲಿಗೆ ತಾಗದಂತೆ ಪಕ್ಕದಲ್ಲಿ ಹಿಡಿಯಿರಿ. ಅಕ್ಷರ ಕಾಣಲೆಂದು ಸೀಮೆಸುಣ್ಣ, ಹಿಟ್ಟು, ಎಣ್ಣೆ ಬಳಿಯುವುದು ತಪ್ಪು. ಅದು ಕಲ್ಲಿಗೆ ಹಾನಿ. ಅಷ್ಟೇ ಅಲ್ಲ, ಸೀಮೆಸುಣ್ಣದಲ್ಲಿ ತಿದ್ದಿದಾಗ ಚಿತ್ರದಲ್ಲಿ ಮೂಡುವುದು ಕೆತ್ತಿದವನ ಅಕ್ಷರವಲ್ಲ, ತಿದ್ದಿದವನ ಊಹೆ.

ಕೇದಾರೇಶ್ವರದ ಒಳಗೆ ಜೂಮ್ ಬಿಟ್ಟುಬಿಡಿ. ಮಸೂರವನ್ನು 24 ಮಿ.ಮೀ.ಗೇ ಇರಿಸಿ. ಆಗ ಕಿಂಡಿ ಅತಿ ದೊಡ್ಡದಾಗಿ ತೆರೆದಿರುತ್ತದೆ. ಕೈ ಅಲುಗಿದರೂ ಚಿತ್ರ ಕದಡದಿರಲು ಒಂದು ಹಳೆಯ ನಿಯಮವಿದೆ: ಷಟರ್ ತೆರೆದಿರುವ ಕಾಲ ಸಂಗಮ ದೂರದಲ್ಲಿ ಒಂದು ಪಾಲು ಸೆಕೆಂಡನ್ನು ಮೀರಬಾರದು. 24 ಮಿ.ಮೀ.ಗೆ ಸೆಕೆಂಡಿನ 24ರಲ್ಲಿ ಒಂದು ಪಾಲು, 360 ಮಿ.ಮೀ.ಗೆ 360ರಲ್ಲಿ ಒಂದು ಪಾಲು. ಕ್ಯಾಮೆರಾದ ಸ್ಥಿರೀಕರಣ ವ್ಯವಸ್ಥೆ ಇದಕ್ಕಿಂತ ಹೆಚ್ಚು ಕಾಲಾವಕಾಶ ಕೊಡುತ್ತದೆ. ಬೆನ್ನನ್ನು ಗೋಡೆಗೆ ಆನಿಸಿ, ಮೊಣಕೈಗಳನ್ನು ಪಕ್ಕೆಗೆ ಒತ್ತಿ, ಎರಡು ಸೆಕೆಂಡಿನ ಟೈಮರ್ ಹಾಕಿ. ಗುಂಡಿ ಒತ್ತುವ ಅಲುಗಾಟವೂ ತಪ್ಪುತ್ತದೆ. ಸಂರಕ್ಷಿತ ಸ್ಮಾರಕಗಳಲ್ಲಿ ತ್ರಿಪಾದಿ ಇಡಲು ಪುರಾತತ್ತ್ವ ಇಲಾಖೆಯ ಅನುಮತಿ ಬೇಕು. ಕುಬಟೂರಿನ ತೆರೆದ ಮಂಟಪದಲ್ಲಿ ತೊಂದರೆ ಬೇರೆ ಬಗೆಯದು: ಹೊರಗೆ ಉರಿಬಿಸಿಲು, ಒಳಗೆ ನೆರಳು. ಬಿಸಿಲಿನ ಭಾಗ ಚೌಕಟ್ಟಿಗೆ ಬಾರದಂತೆ ನಿಂತು, ಕಂಬದ ಮೇಲೆ ಬೆಳಕಿನ ಮಾಪನ ಮಾಡಿ.

ಗುಡವಿಯಲ್ಲಿ ಪೂರ್ತಿ ಜೂಮ್ ಬಳಸಿ. ಆದರೆ ಒಂದು ಮಾತು ನೆನಪಿರಲಿ. ಸ್ಥಿರೀಕರಣ ನಿಮ್ಮ ಕೈಯ ಅಲುಗಾಟವನ್ನು ತಡೆಯುತ್ತದೆ, ಹಕ್ಕಿಯ ರೆಕ್ಕೆಯ ಚಲನೆಯನ್ನು ತಡೆಯದು. ಹಾರುವ ಹಕ್ಕಿಗೆ ಸೆಕೆಂಡಿನ ಸಾವಿರದಲ್ಲಿ ಒಂದು ಪಾಲು ಬೇಕು. ಮೋಡದ ದಿನ, ಕಿರಿದಾದ ಕಿಂಡಿಯಲ್ಲಿ ಅಷ್ಟು ಬೆಳಕು ಸಿಗುವುದಿಲ್ಲ. ಕ್ಯಾಮೆರಾ ಸಂವೇದನೆಯನ್ನು ಹೆಚ್ಚಿಸಿಕೊಂಡು ಚಿತ್ರವನ್ನು ಮರಳು ಮರಳಾಗಿಸುತ್ತದೆ. ಅಂಥ ದಿನ ಕುಳಿತ ಹಕ್ಕಿಯನ್ನು ಆರಿಸಿ. ಸೂರ್ಯ ನಿಮ್ಮ ಬೆನ್ನ ಹಿಂದಿರುವ ದಡವನ್ನು ಹುಡುಕಿ. ಬಿಳಿ ಹಕ್ಕಿಗಳು ಬೆಳ್ಳಗೆ ಸುಟ್ಟುಹೋದಂತೆ ಬರುತ್ತವೆ. ಬೆಳಕಿನ ತಿದ್ದುಪಡಿಯನ್ನು ಒಂದು ಮೆಟ್ಟಿಲು ಇಳಿಸಿದರೆ ಗರಿಗಳ ವಿವರ ಉಳಿಯುತ್ತದೆ. ಗೂಡಿನ ಹತ್ತಿರ ಹೋಗಬೇಡಿ, ಚಪ್ಪಾಳೆ ತಟ್ಟಿ ಹಾರಿಸಬೇಡಿ. ತಾಯಿ ಎದ್ದ ಗೂಡಿನ ಮೊಟ್ಟೆ ಕಾಗೆಯ ಪಾಲಾಗಲು ಹೆಚ್ಚು ಹೊತ್ತು ಬೇಡ.

ಮಲೆನಾಡಿನ ಮಳೆ ಪುಟ್ಟ ಕ್ಯಾಮೆರಾದ ವೈರಿ. ಮಸೂರ ಹೊರಚಾಚುವಾಗಲೆಲ್ಲ ಹೊರಗಿನ ತೇವದ ಗಾಳಿ ಒಳಹೋಗುತ್ತದೆ. ನಾಲ್ಕು ದಿನ ಹಾಗೇ ಮುಚ್ಚಿಟ್ಟರೆ ಗಾಜಿನ ಮೇಲೆ ಬೂಷ್ಟು ಹಿಡಿಯಲು ಆರಂಭವಾಗಬಹುದು. ಬಿಗಿ ಮುಚ್ಚಳದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಪೊಟ್ಟಣದೊಂದಿಗೆ ಇಡಿ. ಒದ್ದೆಯಾದರೆ ಒಲೆಯ ಬಳಿ ಕಾಯಿಸಬೇಡಿ, ಬ್ಯಾಟರಿ ತೆಗೆದು ನೆರಳಿನ ಗಾಳಿಯಲ್ಲಿ ಆರಲು ಬಿಡಿ.

ದೂರದಿಂದ ತೆಗೆಯುವ ಹೊಣೆ

ಜೂಮ್ ಒಂದು ಪ್ರಲೋಭನೆಯನ್ನೂ ಒಡ್ಡುತ್ತದೆ. ಎದುರಿನವರಿಗೆ ತಿಳಿಯದಂತೆ ಅವರ ಚಿತ್ರ ತೆಗೆಯಬಹುದು. ಸೊರಬ ತಾಲ್ಲೂಕಿನ ಚಂದ್ರಗುತ್ತಿ ರೇಣುಕಾಂಬೆಯ ಕ್ಷೇತ್ರ. 1986ರ ಮಾರ್ಚಿನ ಜಾತ್ರೆಯಲ್ಲಿ ಬೆತ್ತಲೆ ಸೇವೆಯ ವಿಚಾರವಾಗಿ ಅಲ್ಲಿ ದೊಡ್ಡ ಘರ್ಷಣೆ ನಡೆದು, ಅನಂತರ ಆ ಸೇವೆ ನಿಷೇಧವಾಯಿತು. ಹರಕೆ ಹೊತ್ತು ಬರುವ ಬಡವರ, ಹೆಣ್ಣುಮಕ್ಕಳ ಗೌರವದ ಪ್ರಶ್ನೆ ಇಂಥ ಸ್ಥಳಗಳಲ್ಲಿ ಎಷ್ಟು ಸೂಕ್ಷ್ಮವೆಂಬುದನ್ನು ಇದರಿಂದ ತಿಳಿಯಬೇಕು. ಅಲ್ಲಿ ಜೂಮ್ ಬೆಟ್ಟದ ಕೋಟೆಗೆ ಇರಲಿ. ಮನುಷ್ಯರ ಮುಖಕ್ಕೆ ಬೇಕಾದರೆ ಹತ್ತಿರ ಹೋಗಿ, ಕೇಳಿ, ಒಪ್ಪಿದರೆ ತೆಗೆಯಿರಿ. ಸೊರಬದ ಗುಡಿಗಾರರು ಗಂಧದ ಮರ ಕೆತ್ತುವುದನ್ನು ತೆಗೆಯುವಾಗಲೂ ಕ್ರಮ ಇದೇ. ಕೇಳಿ ಕುಳಿತರೆ ಉಳಿಗಳ ಹೆಸರೂ ತಿಳಿಯುತ್ತದೆ.

ಚಿತ್ರ ಯಾರಿಗೆ?

1865ರಲ್ಲಿ ಮೇಜರ್ ಡಿಕ್ಸನ್ ಎಂಬ ಅಧಿಕಾರಿ ಮೈಸೂರು ಸೀಮೆಯ ಶಾಸನಗಳ ಛಾಯಾಚಿತ್ರಗಳನ್ನು ತೆಗೆದರು. ಬಳ್ಳಿಗಾವಿಯ ಶಾಸನಗಳೂ ಅವುಗಳಲ್ಲಿದ್ದವು. ಆಗ ಜೂಮ್ ಇರಲಿಲ್ಲ, ಸಂವೇದಕ ಇರಲಿಲ್ಲ. ಭಾರದ ಪೆಟ್ಟಿಗೆ ಕ್ಯಾಮೆರಾ ಮತ್ತು ಗಾಜಿನ ಫಲಕಗಳ ಕಾಲ ಅದು. ಆ ಚಿತ್ರಗಳನ್ನು ಮುಂದಿಟ್ಟುಕೊಂಡು ಬಿ. ಎಲ್. ರೈಸ್ ಓದಿ ಅನುವಾದಿಸಿದ ಪುಸ್ತಕ 1879ರಲ್ಲಿ ಹೊರಬಂತು. ಮುಂದೆ ಅವರೇ ಸಂಪಾದಿಸಿದ ಎಪಿಗ್ರಾಫಿಯಾ ಕರ್ನಾಟಿಕದ ಏಳನೆಯ ಸಂಪುಟದಲ್ಲಿ ಶಿಕಾರಿಪುರದ, ಎಂಟನೆಯದರಲ್ಲಿ ಸೊರಬದ ಶಾಸನಗಳು ಸೇರಿದವು. ಒಬ್ಬರು ತೆಗೆದ ಚಿತ್ರವನ್ನು ಇನ್ನೊಬ್ಬರು ವರ್ಷಗಳ ಬಳಿಕ ಓದಲು ಸಾಧ್ಯವಾಯಿತು ಎಂಬುದು ಇಲ್ಲಿ ಮುಖ್ಯ.

ನಿಮ್ಮ ಚಿತ್ರಕ್ಕೂ ಈ ಗುಣ ಬರಬೇಕಾದರೆ ಮನೆಗೆ ಬಂದ ಸಂಜೆಯೇ ಮೂರು ಕೆಲಸ ಮಾಡಿ. ಪ್ರತಿ ಚಿತ್ರದ ಊರು, ದಿನಾಂಕ, ಕಲ್ಲು ನೋಡುವ ದಿಕ್ಕು ಇವನ್ನು ಒಂದು ನೋಟ್ ಪುಸ್ತಕದಲ್ಲಿ ಬರೆಯಿರಿ. ಚಿತ್ರಗಳ ಎರಡು ಪ್ರತಿ ಮಾಡಿ ಎರಡು ಕಡೆ ಇಡಿ. ಒಂದು ಪ್ರತಿಯನ್ನು ನಿಮ್ಮ ಇತಿಹಾಸದ ಮೇಷ್ಟರಿಗೆ ಕೊಡಿ. ಊರ ಹೊರಗಿನ ವೀರಗಲ್ಲುಗಳು ಮಳೆಗೆ ಸವೆಯುತ್ತಿವೆ, ರಸ್ತೆ ಅಗಲವಾಗುವಾಗ ಸರಿದುಹೋಗುತ್ತಿವೆ. ಇಂದು ಓದಲು ಬರುವ ಸಾಲು ಇನ್ನು ಇಪ್ಪತ್ತು ವರ್ಷಕ್ಕೆ ಓದಲು ಬಾರದಿರಬಹುದು. ಬೆಳಿಗ್ಗೆ ಎಂಟು ಗಂಟೆಯ ಓರೆ ಬಿಸಿಲಿನಲ್ಲಿ ಎಂಟು ಪಟ್ಟು ಜೂಮ್‌ನ ಹಳೆಯ ಕ್ಯಾಮೆರಾ ಹಿಡಿದು ನಿಂತ ವಿದ್ಯಾರ್ಥಿ ಆ ಸಾಲನ್ನು ಉಳಿಸಬಲ್ಲ. ನಡುಹಗಲಿನಲ್ಲಿ 40 ಪಟ್ಟಿನ ಹೊಸ ಕ್ಯಾಮೆರಾ ಹಿಡಿದು ಓಡಾಡುವವನಿಗೆ ಅದು ಕಾಣುವುದೂ ಇಲ್ಲ.